ಹೆರಿಗೆ ರಜೆ ಮುಗಿದ ಮೇಲೆ: ಕೊಡಗು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ.

ವಿಷಯ: ಹಾಲುಣಿಸುವ ತಾಯಂದಿರು ಕೆಲಸಕ್ಕೆ ಮರಳಿದ ನಂತರ ಸಿಗಬೇಕಾದ ಸೌಲಭ್ಯಗಳ ಕುರಿತು.

ಮಾನ್ಯರೇ,

ನಾನು ದಕ್ಷಿಣ ಕೊಡಗಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದೇನೆ, ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ. ಈ ವಿಚಾರವನ್ನು ತಮ್ಮ ಕಚೇರಿಗೆ ಒಂದು ಅರ್ಜಿಯಾಗಿ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಅರ್ಜಿ ಎಂದ ಕೂಡಲೇ ಅದು ನನ್ನ ಶಾಲೆಯ ಮೇಲಿನ ದೂರಾಗಿಬಿಡುತ್ತದೆ. ನನ್ನ ಹೆಸರು, ಶಾಲೆಯ ಹೆಸರು, ಆಡಳಿತ ಮಂಡಳಿಗೆ ನೋಟಿಸು, ಆಮೇಲೆ ಸ್ಟಾಫ್ ರೂಮಿನಲ್ಲಿ ಮೌನ. ನನಗೆ ಬೇಕಾಗಿರುವುದು ಅದಲ್ಲ. ನಮ್ಮ ಆಡಳಿತ ಮಂಡಳಿ ವಿಶೇಷವಾಗಿ ಕೆಟ್ಟದ್ದೇನೂ ಅಲ್ಲ, ಜಿಲ್ಲೆಯ ಬಹುಪಾಲು ಸಂಸ್ಥೆಗಳ ಹಾಗೆಯೇ ಅದೂ ಹೆರಿಗೆ ರಜೆ ಕೊಟ್ಟರೆ ತನ್ನ ಕರ್ತವ್ಯ ಮುಗಿಯಿತೆಂದು ನಂಬಿದೆ. ಆ ನಂಬಿಕೆಯನ್ನು ಕುರಿತೇ ಈ ಪತ್ರ, ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ರಜೆಯ ಲೆಕ್ಕವನ್ನೇ ನೋಡೋಣ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯಿತು. ಎದೆಹಾಲನ್ನು ಬಿಟ್ಟು ಬೇರೇನನ್ನೂ, ನೀರನ್ನೂ ಸಹ, ಆರು ತಿಂಗಳ ತನಕ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮೂರಿನ ಆಶಾ ಕಾರ್ಯಕರ್ತೆಯೂ ಅದನ್ನೇ ಹೇಳುತ್ತಾರೆ. 26 ವಾರವೆಂದರೆ ಆರು ತಿಂಗಳು, ಲೆಕ್ಕ ಸರಿಹೋಯಿತು ಎಂದು ಅನ್ನಿಸಬಹುದು. ಆದರೆ ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಲು ಅವಕಾಶವಿದೆ, ಕೊಡಗಿನಲ್ಲಿ ಅದನ್ನು ತೆಗೆದುಕೊಳ್ಳದೆ ಇರುವುದು ಕಷ್ಟ. ಬಿರುನಾಣಿ, ಭಾಗಮಂಡಲ, ಸೂರ್ಲಬ್ಬಿ ಕಡೆಯ ಹೆಂಗಸೊಬ್ಬಳು ಜೂನ್ ಅಥವಾ ಜುಲೈಯಲ್ಲಿ ದಿನ ತುಂಬುವವಳಾಗಿದ್ದರೆ, ಮರ ಬಿದ್ದು ರಸ್ತೆ ಮುಚ್ಚುವ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬಂದಿರಬೇಕಾಗುತ್ತದೆ. ರಕ್ತದೊತ್ತಡವೋ ಮತ್ತೊಂದೋ ತೊಡಕಿದ್ದರಂತೂ ಮೈಸೂರಿಗೋ ಮಂಗಳೂರಿಗೋ ಹೋಗಿ ಕಾಯಬೇಕು. ಹಾಗೆ ಎಂಟು ವಾರ ಕಳೆದರೆ ಉಳಿಯುವುದು 18 ವಾರ. ಅಂದರೆ ತಾಯಿ ಕೆಲಸಕ್ಕೆ ಹೊರಡುವ ದಿನ ಮಗುವಿಗೆ ನಾಲ್ಕು ತಿಂಗಳು ಈಗಷ್ಟೇ ದಾಟಿರುತ್ತದೆ, ಎದೆಹಾಲಲ್ಲದೆ ಬೇರೆ ಆಹಾರವೇ ಅದಕ್ಕಿಲ್ಲ. ಮೂರನೆಯ ಮಗುವಾದರೆ ಒಟ್ಟು ರಜೆಯೇ 12 ವಾರ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯ ಜೊತೆಗೆ ಶಿಶುಪಾಲನಾ ರಜೆಯೂ ಇದೆ. ಅವರ ಬಗ್ಗೆ ನನಗೆ ಸಂತೋಷವಿದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಇನ್ನು ಎದೆಹಾಲಿನ ವಿಚಾರ. ಸಭೆಗಳಲ್ಲಿ ಅದರ ಮಹತ್ವದ ಬಗ್ಗೆ ಭಾಷಣವಾಗುತ್ತದೆಯೇ ಹೊರತು ಅದು ಬರುವ ರೀತಿಯ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಹಾಲು ಎದೆಯಲ್ಲಿ ಮೊದಲೇ ತುಂಬಿಟ್ಟ ದಾಸ್ತಾನಲ್ಲ. ಮಗು ಎಷ್ಟು ಕುಡಿಯುತ್ತದೋ, ಅಥವಾ ಎಷ್ಟನ್ನು ಹಿಂಡಿ ತೆಗೆಯುತ್ತೇವೋ, ಅಷ್ಟನ್ನು ದೇಹ ಮತ್ತೆ ಉತ್ಪಾದಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಐದರವರೆಗೆ ಹಾಲು ಹೊರಗೆ ಹೋಗದಿದ್ದರೆ ಎದೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ರವಿಕೆ ನೆನೆಯುತ್ತದೆ, ನೋವು ಬಗಲಿನವರೆಗೆ ಹಬ್ಬುತ್ತದೆ. ಹಾಲು ಕಟ್ಟಿಕೊಂಡು ಎದೆಬಾವಾದರೆ ಚಳಿಜ್ವರ ಬಂದು ಮಲಗಬೇಕಾಗುತ್ತದೆ. ದಿನವೂ ಹೀಗೆಯೇ ನಡೆದರೆ ಇಷ್ಟು ಹಾಲು ಬೇಡವೆಂದು ದೇಹ ತೀರ್ಮಾನಿಸುತ್ತದೆ, ಹಾಲು ಕಡಿಮೆಯಾಗುತ್ತಾ ಬಂದು ಕೊನೆಗೆ ಬತ್ತುತ್ತದೆ. ಆಗ ಮನೆಯವರು ‘ಅವಳಿಗೆ ಹಾಲೇ ಸಾಲಲಿಲ್ಲ’ ಎನ್ನುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ಸಾಲದೆ ಹೋದದ್ದು ಹಾಲಲ್ಲ, ಅದನ್ನು ತೆಗೆಯಲು ಬೇಕಾದ ಇಪ್ಪತ್ತು ನಿಮಿಷ ಮತ್ತು ಬಾಗಿಲಿಗೆ ಒಂದು ಚಿಲಕ.

ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಕೈಯಿಂದಲೇ ಹಾಲು ಹಿಂಡಿ ತೆಗೆಯಬಹುದು. ಪಂಪ್ ಇದ್ದರೆ ಅನುಕೂಲ, ಇಲ್ಲದಿದ್ದರೂ ಆಗುತ್ತದೆ. ಕೈ ತೊಳೆದು, ಚೆನ್ನಾಗಿ ಕುದಿಸಿ ಆರಿಸಿದ ಮುಚ್ಚಳದ ಪಾತ್ರೆಯಲ್ಲಿ ತೆಗೆದಿಟ್ಟ ಹಾಲು 25 ಡಿಗ್ರಿಯ ಒಳಗಿನ ವಾತಾವರಣದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಐಸ್ ಪ್ಯಾಕ್ ಇಟ್ಟ ಶಾಖನಿರೋಧಕ ಚೀಲದಲ್ಲಿ ಒಂದು ದಿನ ಕೆಡದೆ ಇರುತ್ತದೆ. ನಮ್ಮ ಜಿಲ್ಲೆಯ ಹವೆ ಈ ಒಂದು ವಿಷಯದಲ್ಲಾದರೂ ತಾಯಂದಿರ ಪರವಾಗಿದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗಿ ಫ್ರಿಜ್ ಬರೀ ಪೆಟ್ಟಿಗೆಯಾಗುವುದುಂಟು, ಆದರೆ ಆ ದಿನಗಳಲ್ಲಿ ಹೊರಗೆ 25 ಡಿಗ್ರಿಗಿಂತ ತಂಪಿರುವುದರಿಂದ ನಾಲ್ಕು ಗಂಟೆಯ ಲೆಕ್ಕವಾದರೂ ನಡೆಯುತ್ತದೆ. ಮನೆಯಲ್ಲಿ ನಮ್ಮ ಅತ್ತೆಯವರು ಆ ಹಾಲನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುತ್ತಾರೆ. ಬಾಟಲಿ ನಮ್ಮ ಮನೆಗೆ ಬಂದಿಲ್ಲ. ‘ಎದೆಹಾಲನ್ನು ಹಿಂಡಿ ಇಡುವುದೇ?’ ಎಂದು ಮೊದಲು ಮುಖ ಸಿಂಡರಿಸಿದವರೂ ಅವರೇ. ಈಗ ನೆರೆಮನೆಯ ಬಾಣಂತಿಗೆ ಅದನ್ನು ಹೇಳಿಕೊಡುತ್ತಿರುವವರೂ ಅವರೇ.

ಆದರೆ ಹಾಲು ತೆಗೆಯಲು ಜಾಗ ಬೇಕು. ನಮ್ಮ ಶಾಲೆಯಲ್ಲಿ ಅದಕ್ಕಾಗಿ ಕೇಳಿದಾಗ ಯಾರೂ ಇಲ್ಲವೆನ್ನಲಿಲ್ಲ. ಮೊದಲು ಶೌಚಾಲಯ ಇದೆಯಲ್ಲ ಎಂದರು. ಶೌಚಾಲಯದಲ್ಲಿ ಕುಳಿತು ಯಾರೂ ಊಟ ಮಾಡುವುದಿಲ್ಲ, ಮಗುವಿನ ಊಟವನ್ನು ಅಲ್ಲಿ ಹೇಗೆ ಸಿದ್ಧಪಡಿಸುವುದು ಎಂದು ಕೇಳಿದ ಮೇಲೆ ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೊಟ್ಟರು. ಫುಟ್‌ಬಾಲ್, ಹಾಕಿ ಸ್ಟಿಕ್ ಮತ್ತು ಕಳೆದ ವರ್ಷದ ಗಣರಾಜ್ಯೋತ್ಸವದ ಬ್ಯಾನರುಗಳ ನಡುವೆ ಒಂದು ಕುರ್ಚಿ. ಕೊಡಗಿನ ಶಾಲೆಯಲ್ಲಿ ಹಾಕಿ ಸ್ಟಿಕ್ಕಿಗಾದರೂ ಸ್ವಂತ ಕೋಣೆ ಇರುವುದು ಸಹಜವೇ. ನಾನು ಆ ಕೋಣೆಯನ್ನೇ ಬಳಸುತ್ತಿದ್ದೇನೆ, ಕೊಟ್ಟಿದ್ದಕ್ಕೆ ಕೃತಜ್ಞಳೂ ಆಗಿದ್ದೇನೆ. ಸಮಸ್ಯೆಯಾದದ್ದು ಸಮಯ. ಮಧ್ಯಾಹ್ನದ ಊಟದ ಬಿಡುವಿನ ಹೊರತಾಗಿ ಇನ್ನೊಮ್ಮೆ ಎದ್ದು ಹೋಗಬೇಕೆಂದರೆ ಒಂದು ಪೀರಿಯಡ್ಡಿಗೆ ಬೇರೊಬ್ಬ ಶಿಕ್ಷಕಿ ನನ್ನ ತರಗತಿಯನ್ನು ನೋಡಿಕೊಳ್ಳಬೇಕು, ಅದು ಅವರ ದಯೆಯಾಗುತ್ತದೆ, ದಯೆಗೆ ಮಿತಿಯಿರುತ್ತದೆ. ‘ನಾವೂ ಮಕ್ಕಳನ್ನು ಸಾಕಿದ್ದೇವೆ’ ಎಂಬ ಮಾತು ನನಗೆ ಗಂಡಸರಿಗಿಂತ ಹೆಚ್ಚಾಗಿ ಹೆಂಗಸರಿಂದಲೇ ಕೇಳಿಬಂದಿದೆ.

ಕಾನೂನು ಇದನ್ನು ದಯೆಗೆ ಬಿಟ್ಟಿಲ್ಲ. ಕೆಲಸಕ್ಕೆ ಮರಳಿದ ತಾಯಿಗೆ, ಎಲ್ಲರಿಗೂ ಸಿಗುವ ಬಿಡುವಿನ ಜೊತೆಗೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮಗಳನ್ನು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. ಅರವತ್ತು ವರ್ಷಕ್ಕೂ ಹಳೆಯದಾದ ಈ ಹಕ್ಕನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಹಾಗೆಯೇ ಉಳಿಸಿಕೊಂಡಿದೆ. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂಬುದು 2017ರಲ್ಲಿ ಸೇರಿದ್ದು. ಈ ನಿಯಮಗಳ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದೂ ಕಾನೂನು ಹೇಳುತ್ತದೆ. ಮಾನ್ಯರೇ, ಜಿಲ್ಲೆಯ ಯಾವುದೇ ಶಾಲೆ, ಆಸ್ಪತ್ರೆ, ಬಟ್ಟೆ ಅಂಗಡಿ ಅಥವಾ ರೆಸಾರ್ಟಿಗೆ ತಾವು ಮುಂದಿನ ಸಲ ಭೇಟಿಯಿತ್ತಾಗ ಗೋಡೆಯ ಮೇಲೆ ಆ ಫಲಕವನ್ನು ಹುಡುಕಿ ನೋಡಬೇಕೆಂದು ಕೋರುತ್ತೇನೆ.

ಇಷ್ಟಿದ್ದೂ ಕೊಡಗಿನ ತಾಯಂದಿರಲ್ಲಿ ಬಹಳಷ್ಟು ಮಂದಿಗೆ ಈ ಕಾನೂನು ತಲುಪದಿರಲು ಕಾರಣ ಆ 50 ಎಂಬ ಸಂಖ್ಯೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯನ್ನೋ ಐಟಿ ಕಂಪನಿಯನ್ನೋ ಕಣ್ಣಮುಂದಿಟ್ಟುಕೊಂಡು ಮಾಡಿದ ಮಿತಿ ಅದು. ನಮ್ಮಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ನಮ್ಮದು ಮೂವತ್ತು ಮಂದಿಯ ಶಾಲೆ, ಹನ್ನೆರಡು ಮಂದಿಯ ಬ್ಯಾಂಕ್ ಶಾಖೆ, ಎಂಟು ಮಂದಿಯ ಬೇಕರಿ, ನಾಲ್ಕು ಮಂದಿಯ ಹೋಂಸ್ಟೇಗಳ ಜಿಲ್ಲೆ. ಶಿಶುಪಾಲನಾ ಕೇಂದ್ರದ ನಿಯಮ ಇಂಥವರ ಬಾಗಿಲಿಗೆ ಬರುವುದೇ ಇಲ್ಲ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಅಂಗಡಿ, ಹೋಂಸ್ಟೇಗಳಿಗೆ ಹೆರಿಗೆ ಸೌಲಭ್ಯದ ನಿಯಮಗಳೇ ಅನ್ವಯವಾಗುವುದಿಲ್ಲ. ಪ್ರವಾಸಿಗರ ಕೋಣೆಯ ಹಾಸಿಗೆ ಬದಲಿಸಿ, ಬೆಳಗಿನ ಉಪಾಹಾರಕ್ಕೆ ಅಕ್ಕಿರೊಟ್ಟಿ ಸುಟ್ಟುಕೊಡುವ ಹೆಂಗಸಿಗೆ ಒಂದು ದಿನದ ಹೆರಿಗೆ ರಜೆಯೂ ಹಕ್ಕಾಗಿ ಬರುವುದಿಲ್ಲ.

ತೋಟಗಳ ಕಥೆ ಬೇರೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಈ ಜಿಲ್ಲೆಯಲ್ಲಿ ಆ ಕಾಫಿಯನ್ನು ಕೊಯ್ಯುವ ಕೈಗಳಲ್ಲಿ ದೊಡ್ಡ ಪಾಲು ಹೆಂಗಸರದು. ಕಾರ್ಖಾನೆಗಳ ಶಿಶುವಿಹಾರದ ಮಾತು ಇಷ್ಟು ಜೋರಾಗಿ ಕೇಳಿಬರುವುದಕ್ಕೆ ಬಹಳ ಮೊದಲೇ, 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ತೋಟದ ಶಿಶುವಿಹಾರದ ನಿಯಮವಿತ್ತು: 50 ಮಂದಿ ಹೆಣ್ಣಾಳುಗಳಿದ್ದರೆ ಅಥವಾ ಅವರ ಮಕ್ಕಳು 20 ಮಂದಿ ಇದ್ದರೆ ತೋಟದ ಮಾಲೀಕರು ಶಿಶುವಿಹಾರ ನಡೆಸಬೇಕು. ಹಳೆಯ ದೊಡ್ಡ ಕಂಪನಿ ತೋಟಗಳಲ್ಲಿ ಆಯಾ ಒಬ್ಬಳು ಕೂಸುಗಳನ್ನು ನೋಡಿಕೊಳ್ಳುವ, ತಾಯಂದಿರು ಹಾಲುಣಿಸಲು ಬಂದು ಹೋಗುವ ಪದ್ಧತಿ ಬೆಳೆದದ್ದು ಹೀಗೆ. ಆದರೆ ಆ ಕಾಯ್ದೆ ಅನ್ವಯವಾಗುತ್ತಿದ್ದುದು ಐದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಹದಿನೈದು ಮಂದಿಗಿಂತ ಕಡಿಮೆಯಿಲ್ಲದ ತೋಟಗಳಿಗೆ ಮಾತ್ರ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ದೊಡ್ಡ ತೋಟಗಳಲ್ಲೂ ಈಗ ಕಾಯಂ ಆಳುಗಳು ಕಡಿಮೆಯಾಗಿ, ಕೊಯ್ಲಿನ ಕಾಲಕ್ಕೆ ಗುತ್ತಿಗೆದಾರರು ಜೀಪಿನಲ್ಲಿ ತುಂಬಿಕೊಂಡು ಬರುವ ಆಳುಗಳು ಹೆಚ್ಚಾಗಿದ್ದಾರೆ. ಈ ವಾರ ಸಿದ್ದಾಪುರದ ಕಡೆ, ಮುಂದಿನ ವಾರ ಪಾಲಿಬೆಟ್ಟದ ಕಡೆ. ಯಾವ ಮಸ್ಟರಿನಲ್ಲೂ, ಅಂದರೆ ಹಾಜರಿ ಪುಸ್ತಕದಲ್ಲೂ, ಅವರ ಹೆಸರು ಹೆಚ್ಚು ದಿನ ನಿಲ್ಲುವುದಿಲ್ಲ.

ನವೆಂಬರಿನಿಂದ ಮಾರ್ಚಿನವರೆಗೆ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ, ಅದರ ಬೆನ್ನಿಗೆ ಕರಿಮೆಣಸು ಎಂದು ಕೊಯ್ಲು ನಡೆಯುವಾಗ ಈ ಹೆಂಗಸರ ಕೂಸುಗಳು ಎಲ್ಲಿರುತ್ತವೆ ಎಂಬುದು ಕೊಡಗಿನಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಗೊತ್ತು. ಕೆಲವು ಕೂಸುಗಳು ನೆರಳಿನ ಮರದ ಕೊಂಬೆಗೆ ಸೀರೆ ಕಟ್ಟಿದ ಜೋಳಿಗೆಯಲ್ಲಿರುತ್ತವೆ. ಒಂದು ಕಾಲದಲ್ಲಿ ಅದು ಕೆಟ್ಟ ವ್ಯವಸ್ಥೆಯಾಗಿರಲಿಲ್ಲ, ತಾಯಿ ಕೂಗಳತೆಯಲ್ಲಿ ಇರುತ್ತಿದ್ದಳು, ಅತ್ತಾಗ ಬಂದು ಹಾಲು ಕೊಡುತ್ತಿದ್ದಳು. ಈಗ ಹಗಲಿನಲ್ಲಿಯೂ ಆನೆಗಳು ತೋಟದೊಳಗೇ ನಿಂತಿರುವ ಕಡೆಗಳಲ್ಲಿ ಕೂಸನ್ನು ಹಾಗೆ ಬಿಡಲು ಯಾವ ತಾಯಿಗೂ ಧೈರ್ಯವಾಗುವುದಿಲ್ಲ. ಹಾಗಾಗಿ ಉಳಿದ ಕೂಸುಗಳು ತೋಟದ ಆಳುಗಳಿರುವ ಲೈನ್ ಮನೆಯಲ್ಲಿ, ಅಕ್ಕನ ಸೊಂಟದ ಮೇಲೆ ಇರುತ್ತವೆ. ಆ ಅಕ್ಕನಿಗೆ ಎಂಟೋ ಹತ್ತೋ ವರ್ಷ. ನಾನು ಶಿಕ್ಷಕಿಯಾಗಿ ಇದನ್ನು ಹೇಳದೆ ಇರಲಾರೆ: ಕೊಯ್ಲಿನ ತಿಂಗಳುಗಳಲ್ಲಿ ಆದಿವಾಸಿಗಳ ಹಾಡಿಗಳಿಂದಲೂ ಲೈನ್ ಮನೆಗಳಿಂದಲೂ ಶಾಲೆಗೆ ಬರುವ ಹೆಣ್ಣುಮಕ್ಕಳ ಹಾಜರಾತಿ ಏಕೆ ಇಳಿಯುತ್ತದೆ ಎಂದು ಇಲಾಖೆ ಕೇಳುವಾಗ, ಅದಕ್ಕೆ ಒಂದು ಉತ್ತರ ಆ ಸೊಂಟದ ಮೇಲಿದೆ. ತಾಯಿಗೆ ಹಾಲುಣಿಸುವ ವಿರಾಮವಾಗಲಿ ಕೂಸಿಗೆ ಶಿಶುವಿಹಾರವಾಗಲಿ ಇಲ್ಲದಿದ್ದರೆ, ಅದರ ಬೆಲೆಯನ್ನು ಆ ಅಕ್ಕ ಶಾಲೆ ಬಿಟ್ಟು ತೆರುತ್ತಾಳೆ.

ದಿನಗೂಲಿಯವರಿಗೆ ಇದೆಲ್ಲ ಅನ್ವಯವಾಗುವುದಿಲ್ಲ ಎಂದು ತೋಟದ ಲೆಕ್ಕ ಬರೆಯುವ ರೈಟರುಗಳು ಹೇಳುವುದನ್ನು ಕೇಳಿದ್ದೇನೆ. ಮಸ್ಟರ್ ರೋಲಿನ ಮೇಲೆ ದುಡಿಯುವ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿಯೇ ತೀರ್ಪಿತ್ತಿದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ಮುಗಿಯುವುದಿಲ್ಲ ಎಂದು 2023ರಲ್ಲಿ ಅದೇ ನ್ಯಾಯಾಲಯ ಹೇಳಿತು. ಖಾಸಗಿ ಶಾಲೆಗಳಲ್ಲಿ ಜೂನ್‌ನಿಂದ ಮಾರ್ಚಿನವರೆಗೆ ಹತ್ತು ತಿಂಗಳ ಗುತ್ತಿಗೆ ಬರೆಸಿಕೊಂಡು, ಬಸುರಿಯಾದವಳನ್ನು ಮುಂದಿನ ಜೂನಿನಲ್ಲಿ ಕರೆಯದೆ ಬಿಡುವ ಆಡಳಿತ ಮಂಡಳಿಗಳೂ ಈ ಮಾತನ್ನು ಓದಿಕೊಳ್ಳಬೇಕು.

ಮಳೆ ರಜೆಯ ವಿಚಾರ ತಮ್ಮ ಸಹಿಗೇ ಸಂಬಂಧಿಸಿದ್ದು. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದಾಗ ಅಂಗನವಾಡಿ, ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗೆ ರಜೆ ಘೋಷಿಸುತ್ತೀರಿ. 2018ರ ಭೂಕುಸಿತವನ್ನು ಕಂಡ ಯಾರೂ ಆ ಆದೇಶದ ಬಗ್ಗೆ ಗೊಣಗುವುದಿಲ್ಲ. ಆದರೆ ಅದೇ ದಿನ ಬ್ಯಾಂಕು, ಆಸ್ಪತ್ರೆ, ಅಂಗಡಿ, ರೆಸಾರ್ಟು ಎಲ್ಲವೂ ತೆರೆದಿರುತ್ತವೆ. ದೊಡ್ಡ ಮಗುವನ್ನು ಶಾಲೆಗೂ ಚಿಕ್ಕದನ್ನು ನೆರೆಮನೆಯವರ ಬಳಿಯೂ ಬಿಟ್ಟು ಹೊರಡುವ ನರ್ಸ್ ಒಬ್ಬಳಿಗೆ ಬೆಳಿಗ್ಗೆ ಏಳಕ್ಕೆ ಮೊಬೈಲಿಗೆ ಬರುವ ಆ ಆದೇಶ ಎಂದರೆ ಇಬ್ಬರೂ ಮನೆಯಲ್ಲಿ, ಬಸ್ಸು ತಡ, ಸಂಜೆ ಮರಳುವ ಸಮಯ ಖಾತ್ರಿಯಿಲ್ಲ ಎಂದರ್ಥ. ಮಡಿಕೇರಿಯಿಂದ ವಿರಾಜಪೇಟೆಗೋ ಗೋಣಿಕೊಪ್ಪಲಿಗೋ ಹೋಗುವ ದಾರಿಯಲ್ಲಿ ಒಂದು ಮರ ಬಿದ್ದರೆ, ಐದು ಗಂಟೆಗೆ ಸಿಗಬೇಕಾದ ಹಾಲು ಮಗುವಿಗೆ ರಾತ್ರಿ ಎಂಟಕ್ಕೆ ಸಿಗುತ್ತದೆ. ಅಂಥ ದಿನಗಳಲ್ಲಿ 15 ತಿಂಗಳೊಳಗಿನ ಮಕ್ಕಳಿರುವ ತಾಯಂದಿರನ್ನು ಎರಡು ಗಂಟೆ ಮುಂಚೆ ಬಿಡುವಂತೆ ಎಲ್ಲ ಸಂಸ್ಥೆಗಳಿಗೆ ಸೂಚಿಸುವ ಒಂದು ಸಾಲನ್ನು ಅದೇ ಆದೇಶದಲ್ಲಿ ಸೇರಿಸಲು ಅಡ್ಡಿಯೇನು ಎಂದು ನನಗೆ ತಿಳಿಯುತ್ತಿಲ್ಲ.

ಇನ್ನು ನಾನು ಮುಖ್ಯವಾಗಿ ಕೇಳಬೇಕೆಂದಿರುವುದಕ್ಕೆ ಬರುತ್ತೇನೆ. 50ರ ಮಿತಿಯನ್ನು ಇಳಿಸುವುದು ಕೇಂದ್ರ ಸರ್ಕಾರಕ್ಕೆ ಬಿಟ್ಟದ್ದು, ತಮ್ಮ ಕೈಯಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ ಹೊಸ ಸಂಹಿತೆಯಲ್ಲಿ ಕೊಡಗಿನಂಥ ಜಿಲ್ಲೆಗೆಂದೇ ಬರೆದಂತಿರುವ ಒಂದು ಅವಕಾಶವಿದೆ. ಶಿಶುಪಾಲನಾ ಕೇಂದ್ರವನ್ನು ಪ್ರತಿ ಸಂಸ್ಥೆಯೂ ಬೇರೆ ಬೇರೆಯಾಗಿ ತೆರೆಯಬೇಕಾಗಿಲ್ಲ. ಸರ್ಕಾರದ, ಪುರಸಭೆಯ ಅಥವಾ ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನು ಬಳಸಿಕೊಳ್ಳಬಹುದು, ಇಲ್ಲವೇ ಹಲವು ಸಂಸ್ಥೆಗಳು ಹಣ ಒಟ್ಟುಗೂಡಿಸಿ ಒಂದೇ ಸಾಮಾನ್ಯ ಕೇಂದ್ರವನ್ನು ನಡೆಸಬಹುದು. ದೊಡ್ಡ ಸಂಸ್ಥೆಗಳ ಅನುಕೂಲಕ್ಕೆಂದು ಇದನ್ನು ಸೇರಿಸಿರಬಹುದು, ಆದರೆ ಸಣ್ಣವರೂ ಈ ದಾರಿಯಲ್ಲಿ ನಡೆಯಬಾರದೆಂದು ಎಲ್ಲಿಯೂ ಹೇಳಿಲ್ಲ. ಗೋಣಿಕೊಪ್ಪಲಿನ ಮುಖ್ಯ ರಸ್ತೆಯ ಆಸುಪಾಸಿನಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಶಾಲೆಗಳಿವೆ, ಬ್ಯಾಂಕುಗಳಿವೆ, ಆಸ್ಪತ್ರೆಯಿದೆ, ಬಟ್ಟೆ ಅಂಗಡಿಗಳಿವೆ. ಹೆಚ್ಚಿನವುಗಳಲ್ಲಿ 50 ಮಂದಿ ಇರಲಾರರು. ಎಲ್ಲವನ್ನೂ ಕೂಡಿಸಿದರೆ ಹಾಲುಣಿಸುವ ತಾಯಂದಿರೇ ಒಂದು ಕೋಣೆ ತುಂಬುವಷ್ಟಾಗುತ್ತಾರೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಘಟಕಗಳಲ್ಲಿ ಬೀಜ ಆರಿಸುವ ಹೆಂಗಸರ ವಿಚಾರವೂ ಇದೇ. ಮಡಿಕೇರಿಯಲ್ಲಿ ಆಸ್ಪತ್ರೆ, ನ್ಯಾಯಾಲಯ, ಸರ್ಕಾರಿ ಕಚೇರಿ, ಹೋಟೆಲುಗಳಿಗೆ ಒಂದು ಕೇಂದ್ರ ಬೇಕು. ಈ ಮೂರು ಪಟ್ಟಣಗಳಲ್ಲಿ ಸಂಸ್ಥೆಗಳ ಮುಖ್ಯಸ್ಥರನ್ನು ಒಮ್ಮೆ ಒಂದೆಡೆ ಕೂರಿಸುವ ಶಕ್ತಿ ಇರುವುದು ತಮ್ಮೊಬ್ಬರಿಗೆ. ನಾನು ಕರೆದರೆ ಯಾರು ಬರುತ್ತಾರೆ?

ಹಣದ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ಸಣ್ಣ ಶಾಲೆಯ ಆಡಳಿತ ಮಂಡಳಿಗೆ 26 ವಾರಗಳ ಸಂಬಳದ ಹೊರೆಯನ್ನು ಸರ್ಕಾರ ಪೂರ್ತಿಯಾಗಿ ಹೊರಿಸಿದೆ ಎಂಬ ದೂರಿನಲ್ಲಿ ಸತ್ಯವಿದೆ, ಮದುವೆಯಾದ ಹೊಸ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅವರು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ. ಹಾಲುಣಿಸುವ ವಿರಾಮಕ್ಕೆ ಮಾತ್ರ ಆ ನೆಪ ನಡೆಯುವುದಿಲ್ಲ, ಅದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಎರಡು ಗೆರೆ. ಸಾಮಾನ್ಯ ಕೇಂದ್ರದ ಬಾಡಿಗೆ ಮತ್ತು ಆಯಾಗಳ ಸಂಬಳವನ್ನು ಹತ್ತು ಹದಿನೈದು ಸಂಸ್ಥೆಗಳು ಹಂಚಿಕೊಂಡರೆ ಯಾರಿಗೂ ದೊಡ್ಡ ಹೊರೆಯಾಗದು. ತಾಯಂದಿರೂ ತಮ್ಮ ಪಾಲು ಕೊಡಲು ಸಿದ್ಧರಿದ್ದಾರೆ, ಈಗಲೂ ನೆರೆಮನೆಯವರಿಗೆ ಕೊಡುತ್ತಲೇ ಇದ್ದಾರೆ.

ಹಳ್ಳಿ ಮತ್ತು ತೋಟಗಳಿಗೆ ದಾರಿ ಬೇರೆ. ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆ ಅದು, ಒಳ್ಳೆಯದೇ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು, ಅದಕ್ಕಿಂತ ಚಿಕ್ಕವರಿಗೆ ಸರ್ಕಾರದ ಬಾಗಿಲು ಎಂದರೆ ಹೆಚ್ಚಾಗಿ ಇದೇ. ಆದರೆ ಕೊಡಗಿನಲ್ಲಿ ಹೆಂಗಸರು ದುಡಿಯುವುದು ಕೆರೆ ಹೂಳೆತ್ತುವ ಜಾಗಕ್ಕಿಂತ ಹೆಚ್ಚಾಗಿ ಕಾಫಿ ತೋಟದಲ್ಲಿ. ತೋಟದ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ, ಕೊಯ್ಲಿನಲ್ಲಿ ಚೀಲ ತೂಗಿ ಮುಗಿಯುವ ತನಕ ತಾಯಿ ಬರುವಂತಿಲ್ಲ. ಪಂಚಾಯಿತಿ ಕಚೇರಿಯ ಸಮಯಕ್ಕೆ ಬಾಗಿಲು ತೆರೆಯುವ ಕೂಸಿನ ಮನೆಯಿಂದ ಅವಳಿಗೆ ಪ್ರಯೋಜನವಿಲ್ಲ. ನವೆಂಬರಿನಿಂದ ಮಾರ್ಚಿನವರೆಗಾದರೂ ಇವು ತೋಟದ ವೇಳೆಗೆ ನಡೆಯಬೇಕು, ಪಂಚಾಯಿತಿಯ ಕಟ್ಟಡದಲ್ಲೇ ಇರಬೇಕೆಂಬ ಹಟ ಬೇಡ, ಲೈನ್ ಮನೆಗಳ ಸಾಲಿನಲ್ಲಿ ಖಾಲಿ ಬಿದ್ದಿರುವ ಒಂದು ಮನೆಯನ್ನು ಬೆಳೆಗಾರರು ಬಿಟ್ಟುಕೊಟ್ಟರೆ ಸಾಕು. ಬೆಳೆಗಾರರ ಸಂಘಗಳಿಗೆ ಆಳುಗಳು ಸಿಗುತ್ತಿಲ್ಲ ಎಂಬುದು ದೊಡ್ಡ ಕೊರಗು. ಕೂಸನ್ನು ಬಿಡಲು ನಂಬಿಕೆಯ ಜಾಗವಿರುವ ತೋಟಕ್ಕೆ ಹೆಂಗಸರು ತಾವಾಗಿಯೇ ಬರುತ್ತಾರೆ, ಇದನ್ನು ನಾನು ಬೆಳೆಗಾರರ ಮನೆಯ ಮಗಳಾಗಿ ಹೇಳುತ್ತಿದ್ದೇನೆ. ಕೂಸಿನ ಮನೆಯ ಕೆಲಸಕ್ಕೆ ತೋಟಗಳಲ್ಲಿ ದುಡಿಯುವ ಯರವ, ಜೇನುಕುರುಬ ಬುಡಕಟ್ಟುಗಳ ಹೆಂಗಸರನ್ನೇ ತರಬೇತಿ ಕೊಟ್ಟು ನೇಮಿಸಿದರೆ, ಅಲ್ಲಿಗೆ ಬರುವ ಕೂಸುಗಳಿಗೆ ಮನೆಯ ಮಾತು ಕೇಳಿಸುತ್ತದೆ.

ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ, ಆಸ್ಪತ್ರೆಯಿಂದ ಕಳುವಾಗಿದ್ದ ಮಗುವಿನ ಪ್ರಕರಣವೊಂದರಲ್ಲಿ, ಹಾಲುಣಿಸುವುದು ತಾಯಿಯ ಪರಭಾರೆ ಮಾಡಲಾಗದ ಹಕ್ಕು, ಎದೆಹಾಲು ಪಡೆಯುವುದು ಮಗುವಿನ ಹಕ್ಕೂ ಹೌದು, ಎರಡೂ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತವೆ ಎಂದು ಹೇಳಿತು. ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೋಣೆಗಳಿರಬೇಕೆಂಬ ಕೇಂದ್ರದ ಸಲಹೆಯನ್ನು ರಾಜ್ಯಗಳು ಪಾಲಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸೂಚಿಸಿತು. ಈ ವಿಚಾರದಲ್ಲಿ ಬೇರೆಯವರಿಗೆ ಹೇಳುವ ಮುನ್ನ ಜಿಲ್ಲಾಡಳಿತ ತನ್ನ ಮನೆಯಿಂದಲೇ ಆರಂಭಿಸಬಹುದು. ತಾಲ್ಲೂಕು ಕಚೇರಿಗಳಲ್ಲಿ ಡೇಟಾ ಎಂಟ್ರಿ ಮಾಡುವವರು, ಹೊರಗುತ್ತಿಗೆಯ ನರ್ಸುಗಳು, ಕಾಯಂ ಆಗದ ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು ಇವರಿಗೆಲ್ಲ ಕಾಯಂ ನೌಕರರ ಶಿಶುಪಾಲನಾ ರಜೆ ಇಲ್ಲ. ಎದೆಹಾಲಿನ ಮಹತ್ವವನ್ನು ಮನೆಮನೆಗೆ ಹೋಗಿ ಹೇಳುವ ಆಶಾ ಕಾರ್ಯಕರ್ತೆಯ ಸ್ವಂತ ಕೂಸಿಗೆ ಆ ಹೊತ್ತಿನಲ್ಲಿ ಹಾಲು ಕೊಡುವವರು ಯಾರು ಎಂಬುದನ್ನು ಆರೋಗ್ಯ ಇಲಾಖೆ ಯೋಚಿಸಬೇಕು. ಕೋಣೆ ಮಾಡಿದರೆ ಅದರೊಳಗೆ ಕೈ ತೊಳೆಯಲು ನೀರು, ಒಂದು ಕುರ್ಚಿ, ಪ್ಲಗ್ ಪಾಯಿಂಟ್, ಒಳಗಿನಿಂದ ಹಾಕುವ ಚಿಲಕ ಇರಲಿ. ಉದ್ಘಾಟನೆಯ ಮರುವಾರದಿಂದ ಬೀಗ ಬಿದ್ದು, ಕೀಲಿಕೈ ರಜೆಯಲ್ಲಿರುವ ಸಿಬ್ಬಂದಿಯ ಬಳಿ ಇರುವ ಕೋಣೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ನಮ್ಮಲ್ಲೂ ಮಳೆಯ ನಡುವೆಯೇ ಬಾಣಂತಿಯರನ್ನು ಕರೆಸಿ, ದೀಪ ಬೆಳಗಿಸಿ, ಭಾಷಣ ಮಾಡಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಈ ಬಾರಿ ಆ ವೇದಿಕೆಯ ಮುಂದಿನ ಸಾಲಿನಲ್ಲಿ ಬಾಣಂತಿಯರ ಬದಲು ಶಾಲಾ ಆಡಳಿತ ಮಂಡಳಿಯ ಅಧ್ಯಕ್ಷರು, ಬ್ಯಾಂಕ್ ಮ್ಯಾನೇಜರುಗಳು, ರೆಸಾರ್ಟ್ ಮಾಲೀಕರು ಮತ್ತು ಬೆಳೆಗಾರರನ್ನು ಕೂರಿಸಿ, ಕಾರ್ಮಿಕ ಅಧಿಕಾರಿಗಳು ಅವರಿಗೆ ಆ ಎರಡು ವಿರಾಮಗಳ ನಿಯಮವನ್ನು ಓದಿ ಹೇಳಲಿ. ವಿರಾಮದ ಅವಧಿ ಎಷ್ಟೆಂಬುದನ್ನು ಸಂಹಿತೆ ನಿಯಮಾವಳಿಗೆ ಬಿಟ್ಟಿದೆ. ಗುಡ್ಡಗಾಡಿನಲ್ಲಿ ಮಗುವಿರುವಲ್ಲಿಗೆ ಹೋಗಿಬರುವ ಸಮಯವನ್ನೂ ಅದರಲ್ಲಿ ಸೇರಿಸಬೇಕೆಂದು ಜಿಲ್ಲೆಯ ಪರವಾಗಿ ತಾವು ಸರ್ಕಾರಕ್ಕೆ ಬರೆಯಬೇಕೆಂದು ಕೋರುತ್ತೇನೆ.

ಗೋಣಿಕೊಪ್ಪಲಿನ ಸಾಮಾನ್ಯ ಕೇಂದ್ರಕ್ಕಾಗಿ ತಾವು ಸಭೆ ಕರೆಯುವುದಾದರೆ, ಆ ಪಟ್ಟಣದಲ್ಲಿ ದುಡಿಯುವ, ಎರಡು ವರ್ಷದೊಳಗಿನ ಮಕ್ಕಳಿರುವ ತಾಯಂದಿರ ಹೆಸರು, ಅವರ ಕೆಲಸದ ವೇಳೆ, ಅವರು ಕೊಡಬಲ್ಲ ಮಾಸಿಕ ಮೊತ್ತ ಇಷ್ಟನ್ನೂ ಬರೆದ ಪಟ್ಟಿಯನ್ನು ಒದಗಿಸಲು ನಾನು ಮತ್ತು ನನ್ನಂತಹ ಕೆಲವರು ಸಿದ್ಧರಿದ್ದೇವೆ. ಸಭೆ ಎರಡನೆಯ ಅಥವಾ ನಾಲ್ಕನೆಯ ಶನಿವಾರ ಮಧ್ಯಾಹ್ನವಿದ್ದರೆ ಶಾಲೆಯವರಿಗೂ ಬ್ಯಾಂಕಿನವರಿಗೂ ಬರಲು ಅನುಕೂಲ. ನಮ್ಮಲ್ಲಿ ಹಲವರು ಕೂಸುಗಳನ್ನು ಎತ್ತಿಕೊಂಡೇ ಬರುತ್ತೇವೆ. ಸಭಾಂಗಣದ ಪಕ್ಕದಲ್ಲಿ ಒಂದು ಕೋಣೆ ತೆರೆದಿಡಲು ದಯವಿಟ್ಟು ಸೂಚಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ದಕ್ಷಿಣ ಕೊಡಗಿನ ಒಬ್ಬ ಶಿಕ್ಷಕಿ

ಪ್ರತಿಗಳು: ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಕಾರ್ಮಿಕ ಅಧಿಕಾರಿಗಳು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರು, ಮಡಿಕೇರಿ.